ಟಿಕೆಟ್ ಹಣವನ್ನು ಕಾಡಿನ ಮೌಲ್ಯವೆಂದು ಬರೆಯಬೇಡಿ: ಅರಣ್ಯ ಆಡಳಿತಕ್ಕೊಂದು ಬಹಿರಂಗ ಪತ್ರ

ಸಾರ್ವಜನಿಕ ಅರಣ್ಯಗಳ ಆಡಳಿತ ನಡೆಸುವ ಅಧಿಕಾರಿಗಳಿಗೆ, ಅವುಗಳಿಗೆ ಅನುದಾನ ಹಂಚುವ ಹಣಕಾಸು ವಿಭಾಗದವರಿಗೆ ಮತ್ತು ಮೌಲ್ಯಮಾಪನ ವರದಿ ಸಿದ್ಧಪಡಿಸುವ ಸಲಹೆಗಾರರಿಗೆ,

ಮಾನ್ಯರೇ,

ಕಾಡಿನಲ್ಲಿ ಮರ ಎಷ್ಟಿದೆ, ಕಡಿದರೆ ಎಷ್ಟು ಘನ ಮೀಟರ್ ಸಿಗುತ್ತದೆ, ಮಾರಿದರೆ ಎಷ್ಟು ಬರುತ್ತದೆ ಎಂಬ ಲೆಕ್ಕ ತಮ್ಮ ಕಡತಗಳಲ್ಲಿ ಚೊಕ್ಕವಾಗಿಯೇ ಇರುತ್ತದೆ. ಅದೇ ಕಾಡಿಗೆ ನಡೆಯಲು, ಓಡಲು, ಸೈಕಲ್ ತುಳಿಯಲು, ಹಕ್ಕಿ ನೋಡಲು, ಮಕ್ಕಳ ಜೊತೆ ಸುಮ್ಮನೆ ಕೂತು ಬರಲು ಹೋಗುವವರ ಲೆಕ್ಕ ಮಾತ್ರ ಒಂದೋ ಇರುವುದೇ ಇಲ್ಲ, ಇದ್ದರೆ ಟಿಕೆಟ್ ಮಾರಾಟದ ಮೊತ್ತವಾಗಿ ಒಂದೇ ಸಾಲಿನಲ್ಲಿ ಇರುತ್ತದೆ. ಟಿಕೆಟ್ ಇಲ್ಲದ ಕಾಡಿನ ಮುಂದೆ ಆ ಸಾಲಿನಲ್ಲಿ ಸೊನ್ನೆ ಬೀಳುತ್ತದೆ. ಆ ಸೊನ್ನೆಯನ್ನು ಹಿಡಿದುಕೊಂಡೇ ರಸ್ತೆಯ ಯೋಜನೆ, ಕಟಾವಿನ ಯೋಜನೆ, ಕಾಲುದಾರಿಗಳ ದುರಸ್ತಿಯ ಹಣ ಎಲ್ಲವೂ ನಿರ್ಧಾರವಾಗುತ್ತವೆ. ನಮ್ಮ ದೂರು ಇರುವುದು ಇಲ್ಲಿ. ಉಚಿತವಾಗಿ ಬಳಕೆಯಾಗುವ ಕಾಡಿಗೆ ಮೌಲ್ಯವಿಲ್ಲವೆಂಬ ತೀರ್ಮಾನಕ್ಕೆ ಯಾರೂ ಬೇಕೆಂದು ಬಂದಿಲ್ಲ. ಲೆಕ್ಕ ಹಾಕುವ ರೀತಿಯೇ ಅಲ್ಲಿಗೆ ತಂದು ನಿಲ್ಲಿಸಿದೆ.

ಇದನ್ನು ಸರಿಪಡಿಸಲು ಹೊರಟ ವರದಿಗಳಲ್ಲಿ ಹಲವು ಇನ್ನೊಂದು ತಪ್ಪಿಗೆ ಬೀಳುತ್ತವೆ. ಪ್ರವಾಸಿಗರು ಪೆಟ್ರೋಲಿಗೆ, ವಸತಿಗೆ, ಊಟಕ್ಕೆ, ಸಲಕರಣೆಗೆ ಖರ್ಚು ಮಾಡಿದ್ದನ್ನೆಲ್ಲ ಕೂಡಿಸಿ ‘ಇದೇ ಅರಣ್ಯ ವಿಹಾರದ ಆರ್ಥಿಕ ಮೌಲ್ಯ’ ಎನ್ನುತ್ತವೆ. ಆ ಮೊತ್ತಕ್ಕೆ ಅದರದೇ ಉಪಯೋಗವಿದೆ. ಒಂದು ಪ್ರದೇಶದ ವ್ಯಾಪಾರಕ್ಕೆ, ಉದ್ಯೋಗಕ್ಕೆ ಕಾಡಿನಿಂದ ಎಷ್ಟು ಹಣ ಹರಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ಆದರೆ ಪೆಟ್ರೋಲಿಗೆ ಕೊಟ್ಟ ಹಣ ಪೆಟ್ರೋಲಿನ ಬೆಲೆ. ಕಾಡು ಆ ವ್ಯಕ್ತಿಗೆ ಎಷ್ಟು ಬಾಳುತ್ತದೆ ಎಂದು ತಿಳಿಯಬೇಕಾದರೆ, ಅಷ್ಟೆಲ್ಲ ಖರ್ಚು ಮಾಡಿದ ಮೇಲೂ ಇನ್ನೆಷ್ಟು ಕೊಡಬೇಕಾಗಿ ಬಂದಿದ್ದರೂ ಅವರು ಬಂದೇ ತೀರುತ್ತಿದ್ದರು ಎಂಬುದನ್ನು ಅಳೆಯಬೇಕು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಗ್ರಾಹಕರ ಮಿಗುತೆ ಎನ್ನುತ್ತಾರೆ. ಈ ಎರಡು ಮೊತ್ತಗಳು ಬೇರೆ ಬೇರೆ ಮಾತ್ರವಲ್ಲ, ಎಷ್ಟೋ ಸಲ ಒಂದಕ್ಕೊಂದು ಎದುರು ದಿಕ್ಕಿಗೆ ಓಡುತ್ತವೆ. ಚಿಕ್ಕ ಅಂಕಿಗಳಲ್ಲಿ ತೋರಿಸುತ್ತೇವೆ. ದಯವಿಟ್ಟು ಕಾಗದ ಪೆನ್ನು ಹಿಡಿದು ಪರೀಕ್ಷಿಸಿ.

ಟಿಕೆಟ್ ಇಲ್ಲದ ಒಂದು ಕಾಡು ಎಂದಿಟ್ಟುಕೊಳ್ಳಿ. ಅದರ ಸುತ್ತ ಮೂರು ವಲಯಗಳು. ಹತ್ತಿರದ ವಲಯದಲ್ಲಿ 10,000 ಜನ. ಹೋಗಿಬರಲು ಒಬ್ಬರಿಗೆ ಆಗುವ ಖರ್ಚು 100. ವರ್ಷಕ್ಕೆ ಅಲ್ಲಿಂದ 4,000 ಭೇಟಿ. ನಡುವಿನ ವಲಯದಲ್ಲಿ 20,000 ಜನ, ಖರ್ಚು 200, ಭೇಟಿ 6,000. ದೂರದ ವಲಯದಲ್ಲಿ 50,000 ಜನ, ಖರ್ಚು 400, ಭೇಟಿ 5,000. ಸಾವಿರ ಜನರಿಗೆ ಇಷ್ಟು ಭೇಟಿ ಎಂದು ಲೆಕ್ಕ ಹಾಕಿದರೆ ಕ್ರಮವಾಗಿ 400, 300, 100. ಅಂದರೆ ಖರ್ಚು 100 ಏರಿದಾಗಲೆಲ್ಲ ಸಾವಿರಕ್ಕೆ 100 ಭೇಟಿ ಇಳಿಯುತ್ತದೆ. ಖರ್ಚು 500 ಮುಟ್ಟಿದರೆ ಯಾರೂ ಬರುವುದಿಲ್ಲ. ಇದೇ ಆ ಕಾಡಿನ ಬೇಡಿಕೆಯ ರೇಖೆ. ಇನ್ನು ಪ್ರತಿ ವಲಯದಲ್ಲೂ ಈಗಿನ ಖರ್ಚಿನಿಂದ 500ರವರೆಗೆ ಈ ರೇಖೆಯ ಕೆಳಗಿರುವ ತ್ರಿಕೋನದ ವಿಸ್ತೀರ್ಣ ತೆಗೆಯಬೇಕು. ಹತ್ತಿರದ ವಲಯದಲ್ಲಿ ಸಾವಿರ ಜನರಿಗೆ 400 ಗುಣಿಸು 400, ಅದರ ಅರ್ಧ, 80,000. ಹತ್ತು ಸಾವಿರ ಜನರಿಗೆ 8 ಲಕ್ಷ. ಇದೇ ರೀತಿ ನಡುವಿನ ವಲಯಕ್ಕೆ 9 ಲಕ್ಷ, ದೂರದ್ದಕ್ಕೆ 2.5 ಲಕ್ಷ. ಒಟ್ಟು ಮಿಗುತೆ 19.5 ಲಕ್ಷ, 15,000 ಭೇಟಿಗಳಿಗೆ ಹಂಚಿದರೆ ಭೇಟಿಯೊಂದಕ್ಕೆ 130.

ಈಗ ಅದೇ ಕಾಡನ್ನು ಖರ್ಚಿನ ಲೆಕ್ಕದಲ್ಲಿ ನೋಡಿ. ಹತ್ತಿರದವರು ಖರ್ಚು ಮಾಡಿದ್ದು 4 ಲಕ್ಷ, ನಡುವಿನವರು 12 ಲಕ್ಷ, ದೂರದವರು 20 ಲಕ್ಷ. ಖರ್ಚಿನ ವರದಿಯಲ್ಲಿ ದೂರದಿಂದ ಬಂದವರು ಮೊದಲ ಸ್ಥಾನದಲ್ಲಿರುತ್ತಾರೆ, ಪಕ್ಕದಲ್ಲೇ ವಾಸಿಸುವವರು ಕೊನೆಯಲ್ಲಿ. ಮಿಗುತೆಯ ಲೆಕ್ಕದಲ್ಲಿ ಹತ್ತಿರದವರ ಒಂದೊಂದು ಭೇಟಿಗೆ 200, ದೂರದವರದಕ್ಕೆ 50. ಖರ್ಚಿನ ವರದಿಯನ್ನು ನಂಬಿದ ಆಡಳಿತ ವಾಹನ ನಿಲುಗಡೆ, ವಿಶ್ರಾಂತಿಗೃಹ, ವೀಕ್ಷಣಾ ಗೋಪುರಗಳಿಗೆ ಹಣ ಹಾಕಿ, ನಿತ್ಯ ಬೆಳಿಗ್ಗೆ ಜನ ನಡೆಯುವ ಕಾಲುದಾರಿಯನ್ನು ಕೊಚ್ಚಿಹೋಗಲು ಬಿಡುತ್ತದೆ. ಟಿಕೆಟ್ ವರದಿಯಲ್ಲಂತೂ ಈ ಇಡೀ ಕಾಡೇ ಸೊನ್ನೆ.

ಆ ಸೊನ್ನೆ ಹೋಗಲೆಂದು 20ರ ಪ್ರವೇಶ ಶುಲ್ಕ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಇದೇ ರೇಖೆ ಹೇಳುತ್ತದೆ. ಭೇಟಿಗಳು 15,000ದಿಂದ 13,400ಕ್ಕೆ ಇಳಿಯುತ್ತವೆ. ಗೇಟಿನಲ್ಲಿ 2,68,000 ಸಂಗ್ರಹವಾಗುತ್ತದೆ. ಜನರ ಮಿಗುತೆ 19,50,000ದಿಂದ 16,66,000ಕ್ಕೆ, ಅಂದರೆ 2,84,000ದಷ್ಟು ಕುಸಿಯುತ್ತದೆ. ಗೇಟು ಕಾಯುವವರ ಸಂಬಳ, ರಸೀದಿ, ಬೇಲಿ ಇವುಗಳ ಖರ್ಚನ್ನು ಕಳೆಯುವ ಮೊದಲೇ ಸಮಾಜಕ್ಕೆ 16,000 ನಷ್ಟ. ಕಾಡಿನಲ್ಲಿ ಜನಸಂದಣಿ ಮಿತಿಮೀರಿ ದಾರಿ ಹಾಳಾಗುತ್ತಿದ್ದರೆ, ಪ್ರಾಣಿಗಳಿಗೆ ತೊಂದರೆಯಾಗುತ್ತಿದ್ದರೆ ಶುಲ್ಕಕ್ಕೆ ಸಮರ್ಥನೆ ಇದೆ. ನಿರ್ವಹಣೆಗೆ ಬೇರೆ ದಾರಿಯಿಂದ ಹಣ ಬರುವುದೇ ಇಲ್ಲವೆಂದಾದರೂ ಚರ್ಚೆಗೆ ಅವಕಾಶವಿದೆ. ಲೆಕ್ಕದ ಪುಸ್ತಕದಲ್ಲಿ ಅಂಕಿ ಕಾಣಿಸಲಿ ಎಂಬ ಕಾರಣಕ್ಕೆ ಶುಲ್ಕ ಹಾಕುವುದನ್ನು ಮಾತ್ರ ನಾವು ಒಪ್ಪುವುದಿಲ್ಲ.

ಈ ವಿಧಾನ ಹೊಸದಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಗೆ 1947ರಲ್ಲಿ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ ಬರೆದ ಪತ್ರದಲ್ಲೇ ಇದರ ಬೀಜವಿತ್ತು: ಉದ್ಯಾನದ ಸುತ್ತ ವಲಯಗಳನ್ನು ಗುರುತಿಸಿ, ಪ್ರಯಾಣದ ಖರ್ಚನ್ನೇ ಬೆಲೆಯೆಂದು ಭಾವಿಸಿ ಎಂದು. 1959ರಲ್ಲಿ ಮೇರಿಯನ್ ಕ್ಲಾಸನ್ ಅದನ್ನು ಬಳಕೆಗೆ ತಂದರು. ಮುಂದೆ ವಲಯಗಳ ಬದಲು ಒಬ್ಬೊಬ್ಬ ವ್ಯಕ್ತಿ ವರ್ಷಕ್ಕೆ ಎಷ್ಟು ಸಲ ಬರುತ್ತಾರೆ ಎಂಬುದರ ಮೇಲೆ ಲೆಕ್ಕ ಕಟ್ಟುವ ಮಾದರಿಗಳು, ಹಲವು ತಾಣಗಳ ನಡುವೆ ಒಂದನ್ನು ಆರಿಸಿಕೊಳ್ಳುವ ರೀತಿಯನ್ನು ಅಳೆಯುವ ಮಾದರಿಗಳು ಬಂದವು. ಇಷ್ಟು ವರ್ಷಗಳ ಅನುಭವ ಕೈಗೆ ಸಿಗುವಂತಿರುವಾಗ ಟಿಕೆಟ್ ಪುಸ್ತಕವೊಂದನ್ನೇ ನೋಡಿ ವರದಿ ಮುಗಿಸುವುದಕ್ಕೆ ನೆಪ ಉಳಿದಿಲ್ಲ.

ವಿಧಾನ ಎಷ್ಟೇ ನಯವಾಗಿರಲಿ, ಭೇಟಿಗಳ ಎಣಿಕೆ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಮೇಲಿನ ಉದಾಹರಣೆಯಲ್ಲಿ ಒಳಹೋಗುವವರನ್ನೂ ಹೊರಬರುವವರನ್ನೂ ಕೂಡಿಸಿ ಎಣಿಸಿಬಿಟ್ಟರೆ ಭೇಟಿಯೊಂದರ 130 ಹಾಗೆಯೇ ಉಳಿಯುತ್ತದೆ. ಒಟ್ಟು ಮೌಲ್ಯ ಮಾತ್ರ 39 ಲಕ್ಷವಾಗುತ್ತದೆ. ಭೇಟಿಯೊಂದರ ಅಂಕಿ ನಂಬುವಂತಿರುವುದರಿಂದ ತಪ್ಪು ಕಣ್ಣಿಗೂ ಬೀಳುವುದಿಲ್ಲ. ನಮ್ಮ ಅನಿಸಿಕೆಯಲ್ಲಿ ಅರಣ್ಯ ವಿಹಾರದ ಮೌಲ್ಯಮಾಪನಗಳು ಕೆಡುವುದು ಸೂತ್ರಗಳಿಂದಲ್ಲ, ಈ ಎಣಿಕೆಯಿಂದ.

ದಾರಿಯಲ್ಲಿ ಇಡುವ ಇನ್‌ಫ್ರಾರೆಡ್ ಎಣಿಕೆ ಯಂತ್ರವನ್ನೇ ತೆಗೆದುಕೊಳ್ಳಿ. ಇಬ್ಬರು ಜೊತೆಜೊತೆಯಾಗಿ ನಡೆದು ಬಂದರೆ ಅದಕ್ಕೆ ಕಾಣುವುದು ಒಬ್ಬರು. ಕಿರಣ ಎತ್ತರದಲ್ಲಿದ್ದರೆ ಚಿಕ್ಕ ಮಕ್ಕಳು ತಪ್ಪಿಹೋಗುತ್ತಾರೆ, ತೀರಾ ಕೆಳಗಿದ್ದರೆ ನಾಯಿಯೂ ಲೆಕ್ಕಕ್ಕೆ ಸೇರುತ್ತದೆ. ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲುಗಿದರೂ ಕೆಲವು ಯಂತ್ರಗಳು ಎಣಿಸುತ್ತವೆ. ಫಲಕ ಓದಲೆಂದೋ ನೀರು ಕುಡಿಯಲೆಂದೋ ಜನ ನಿಲ್ಲುವ ಜಾಗದಲ್ಲಿ ಇಟ್ಟರೆ ಒಬ್ಬರೇ ಹತ್ತು ಸಲ ಎಣಿಕೆಯಾಗುತ್ತಾರೆ. ಆದ್ದರಿಂದ ದಾರಿ ಕಿರಿದಾಗುವ, ಜನ ನಿಲ್ಲದೆ ಸಾಗುವ ಕಡೆ, ಅಲುಗಾಡದ ದಪ್ಪ ಕಾಂಡಕ್ಕೋ ಗಟ್ಟಿ ಕಂಬಕ್ಕೋ ಬಿಗಿದು, ಎದುರಿನ ಕೊಂಬೆಗಳನ್ನು ಸವರಿ ಇಡಬೇಕು. ಇಷ್ಟಾದ ಮೇಲೂ ಯಂತ್ರದ ಅಂಕಿಯನ್ನು ನೇರವಾಗಿ ಬಳಸುವಂತಿಲ್ಲ. ಕೆಲಸದ ದಿನ, ರಜಾದಿನ, ಬೆಳಿಗ್ಗೆ, ಸಂಜೆ, ಮಳೆಗಾಲ, ಬೇಸಿಗೆ ಎಂದು ಬೇರೆ ಬೇರೆ ಹೊತ್ತುಗಳನ್ನು ಆರಿಸಿ, ಒಬ್ಬರು ಅಲ್ಲೇ ಕೂತು ಕಣ್ಣಾರೆ ಎಣಿಸಬೇಕು. ಆ ಗಂಟೆಗಳಲ್ಲಿ ಯಂತ್ರ 80 ಎಂದಾಗ ಮನುಷ್ಯ ಎಣಿಸಿದ್ದು 100 ಆಗಿದ್ದರೆ, ಅಂಥ ಹೊತ್ತುಗಳ ಅಂಕಿಯನ್ನು 1.25ರಿಂದ ಗುಣಿಸಬೇಕು. ರಜಾದಿನಗಳಲ್ಲಿ ಗುಂಪುಗಳು ದೊಡ್ಡವಿರುವುದರಿಂದ ಈ ಗುಣಕವೂ ಹೆಚ್ಚಿರುತ್ತದೆ. ಎಲ್ಲ ದಿನಗಳಿಗೂ ಒಂದೇ ಗುಣಕ ಹಾಕುವುದು ಸಾಮಾನ್ಯವಾಗಿ ಕಾಣುವ ತಪ್ಪು. ರಸ್ತೆಗೆ ಅಡ್ಡಲಾಗಿ ಹಾಕುವ ರಬ್ಬರ್ ಕೊಳವೆಯ ಯಂತ್ರ ಎಣಿಸುವುದು ಆಕ್ಸಲ್‌ಗಳನ್ನು. ಕಾರಿಗೆ ಎರಡು ಆಕ್ಸಲ್, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಹಾಗಾಗಿ ಒಂದೇ ದಾರಿಯಲ್ಲಿ ಹೋಗಿಬರುವ ಕಡೆ ಅಂಕಿಯನ್ನು ನಾಲ್ಕರಿಂದ ಭಾಗಿಸಿ, ಸಿಬ್ಬಂದಿಯ ಮತ್ತು ಸರಕಿನ ವಾಹನಗಳನ್ನು ಕಳೆದು, ಉಳಿದದ್ದನ್ನು ವಾಹನವೊಂದಕ್ಕೆ ಸರಾಸರಿ ಎಷ್ಟು ಜನ ಎಂಬುದರಿಂದ ಗುಣಿಸಬೇಕು. ಆ ಸರಾಸರಿಯನ್ನೂ ನಿಂತು ನೋಡಿಯೇ ತೆಗೆಯಬೇಕು, ಊಹಿಸಬಾರದು.

ಅಮೆರಿಕದ ಅರಣ್ಯ ಸೇವೆ 2000ದಿಂದ ತನ್ನ ರಾಷ್ಟ್ರೀಯ ಅರಣ್ಯಗಳಲ್ಲಿ ನಡೆಸುತ್ತಿರುವ ಭೇಟಿ ಸಮೀಕ್ಷೆಯಿಂದ ಕಲಿಯುವುದು ಸಾಕಷ್ಟಿದೆ. ಅಲ್ಲಿ ಪ್ರತಿ ಅರಣ್ಯಕ್ಕೂ ಐದು ವರ್ಷಕ್ಕೊಮ್ಮೆ ಸರದಿ ಬರುತ್ತದೆ. ತಾಣಗಳನ್ನೂ ದಿನಗಳನ್ನೂ ಜನರ ಓಡಾಟ ಎಷ್ಟಿರಬಹುದು ಎಂಬುದರ ಮೇಲೆ ವರ್ಗ ಮಾಡಿ, ಒಂದೊಂದು ವರ್ಗದಿಂದಲೂ ಮಾದರಿ ದಿನಗಳನ್ನು ಆರಿಸುತ್ತಾರೆ. ಪ್ರಶ್ನೆ ಕೇಳುವುದು ಒಳಹೋಗುವವರನ್ನಲ್ಲ, ಭೇಟಿ ಮುಗಿಸಿ ಹೊರಡುವವರನ್ನು. ಎಷ್ಟು ಹೊತ್ತು ಇದ್ದರು, ಎಲ್ಲೆಲ್ಲಿ ಹೋದರು, ಏನು ಮಾಡಿದರು ಎಂಬುದು ಹೊರಡುವ ಹೊತ್ತಿಗಷ್ಟೇ ಖಚಿತವಾಗಿರುತ್ತದೆ.

ಪ್ರಶ್ನೆ ಕೇಳುವ ಜಾಗದಿಂದಲೇ ಹುಟ್ಟುವ ಇನ್ನೊಂದು ತೊಡಕಿದೆ, ಅದನ್ನು ಸಲಹೆಗಾರರು ವಿಶೇಷವಾಗಿ ಗಮನಿಸಬೇಕು. ವರ್ಷಕ್ಕೆ 50 ಸಲ ಬರುವವರು ಗೇಟಿನಲ್ಲಿ ಸಿಗುವ ಸಾಧ್ಯತೆ, ಒಂದೇ ಸಲ ಬರುವವರಿಗಿಂತ ಐವತ್ತು ಪಟ್ಟು. ಆ ಮಾದರಿಯಿಂದ ‘ಒಬ್ಬರು ವರ್ಷಕ್ಕೆ ಸರಾಸರಿ ಎಷ್ಟು ಸಲ ಬರುತ್ತಾರೆ’ ಎಂದು ನೇರವಾಗಿ ತೆಗೆದರೆ ಉತ್ತರ ಉಬ್ಬಿರುತ್ತದೆ. ಅಲ್ಲದೆ, ಒಮ್ಮೆಯೂ ಬಾರದವರು ಆ ಮಾದರಿಯಲ್ಲಿ ಇರುವುದೇ ಇಲ್ಲ. ಪಾಸಾನ್ ಮಾದರಿ (ಸೊನ್ನೆ, ಒಂದು, ಎರಡು ಎಂದು ಎಣಿಸುವ ಸಂಖ್ಯೆಗಳಿಗೆ ಬಳಸುವ ಸಂಖ್ಯಾಶಾಸ್ತ್ರದ ಮಾದರಿ) ಬಳಸುವವರಿಗೆ ಪರಿಹಾರ ಸುಲಭ: ಪ್ರತಿಯೊಬ್ಬರ ಭೇಟಿಗಳ ಸಂಖ್ಯೆಯಿಂದ ಒಂದನ್ನು ಕಳೆದು ಲೆಕ್ಕ ಹಾಕಬೇಕು. ಇದನ್ನು 1988ರಲ್ಲೇ ತೋರಿಸಿಕೊಟ್ಟಿದ್ದಾರೆ. ಆ ಮಾದರಿಯಲ್ಲಿ ಭೇಟಿಯೊಂದರ ಮಿಗುತೆ ಎಂದರೆ ಒಂದನ್ನು ಖರ್ಚಿನ ಗುಣಾಂಕದಿಂದ, ಅಂದರೆ ಖರ್ಚು ಏರಿದಂತೆ ಭೇಟಿಗಳು ಎಷ್ಟು ವೇಗವಾಗಿ ಇಳಿಯುತ್ತವೆ ಎಂದು ಹೇಳುವ ಅಂಕಿಯಿಂದ, ಭಾಗಿಸಿದ್ದು, ಋಣ ಚಿಹ್ನೆ ಬಿಟ್ಟು. ಗುಣಾಂಕ 0.004 ಆದರೆ ಮಿಗುತೆ 250. ಗುಣಾಂಕ 0.005ಕ್ಕೆ ಸರಿದರೆ ಅದು 200ಕ್ಕೆ ಇಳಿಯುತ್ತದೆ. ಮೂರನೆಯ ದಶಮಾಂಶ ಸ್ಥಾನದಲ್ಲಿ ಒಂದು ಅಂಕಿ ಜರುಗಿದರೆ ಕಾಡಿನ ಮೌಲ್ಯ ಐದನೇ ಒಂದು ಭಾಗ ಹೋಗುತ್ತದೆ ಎಂದಮೇಲೆ, ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿ ಕೊಡದೆ ಒಂದೇ ಅಂಕಿ ಮುದ್ರಿಸಿದ ವರದಿಯನ್ನು ತಾವು ಸ್ವೀಕರಿಸಬಾರದು.

ಸಮಯದ ಬೆಲೆ ಇದಕ್ಕಿಂತ ಸೂಕ್ಷ್ಮವಾದದ್ದು, ನಮಗೆ ಹೆಚ್ಚು ಕಳವಳ ತರುವಂಥದ್ದು. ದೂರ ಪ್ರಯಾಣ ಮಾಡಿದವರು ಹಣದ ಜೊತೆಗೆ ಗಂಟೆಗಳನ್ನೂ ಖರ್ಚು ಮಾಡಿರುತ್ತಾರೆ, ಅದನ್ನು ಬಿಟ್ಟರೆ ಮೌಲ್ಯ ಕಡಿಮೆ ಬರುತ್ತದೆ. ಹಾಗಾಗಿ ಗಂಟೆಯ ಸಂಪಾದನೆಯ ಮೂರನೇ ಒಂದು ಭಾಗವನ್ನು ಪ್ರಯಾಣದ ಗಂಟೆಗೆ ಬೆಲೆಯಾಗಿ ಸೇರಿಸುವ ರೂಢಿ ಬೆಳೆದಿದೆ. ರೂಢಿ ಎಂದೇ ಅದನ್ನು ಹೇಳಬೇಕು, ನಿಯಮವೆಂದಲ್ಲ. ಇದರ ಫಲವಾಗಿ ಹೆಚ್ಚು ಸಂಬಳದವರ ಭಾನುವಾರಕ್ಕೆ ಹೆಚ್ಚು ಬೆಲೆ, ಕೂಲಿಯವರ ಭಾನುವಾರಕ್ಕೆ ಕಡಿಮೆ ಬೆಲೆ ಬರುತ್ತದೆ. ಸಂಪಾದನೆ ಇಲ್ಲದ ಗೃಹಿಣಿಗೆ, ವಿದ್ಯಾರ್ಥಿಗೆ, ನಿವೃತ್ತರಿಗೆ ಸೊನ್ನೆ ಬರೆದ ವರದಿಗಳೂ ಇವೆ. ಶ್ರೀಮಂತರು ಹೋಗುವ ಕಾಡು ಹೆಚ್ಚು ಮೌಲ್ಯದ್ದೆಂದು ಹೀಗೆ ಲೆಕ್ಕವೇ ತೀರ್ಮಾನಿಸಿಬಿಡುತ್ತದೆ. ಸಾರ್ವಜನಿಕ ಆಸ್ತಿಯ ವಿಚಾರದಲ್ಲಿ ಇದು ಅನ್ಯಾಯ. ಎಲ್ಲರ ಗಂಟೆಗೂ ಒಂದೇ ಸರಾಸರಿ ಬೆಲೆ ಹಿಡಿದು ಒಂದು ಲೆಕ್ಕ, ಸಮಯಕ್ಕೆ ಸೊನ್ನೆ ಹಿಡಿದು ಒಂದು, ಮೂರನೇ ಒಂದು ಭಾಗ ಹಿಡಿದು ಒಂದು, ಹೀಗೆ ಮೂರನ್ನೂ ಅಕ್ಕಪಕ್ಕ ಇಟ್ಟು ಪ್ರಕಟಿಸಿ. ಯಾವುದನ್ನು ಏಕೆ ಆರಿಸಿದಿರಿ ಎಂದು ಬರೆಯಿರಿ.

ಒಂದೇ ಪ್ರಯಾಣದಲ್ಲಿ ಸಂಬಂಧಿಕರ ಮನೆ, ಜಲಪಾತ, ಕಾಡು ಮೂರನ್ನೂ ನೋಡಿ ಬಂದವರ ಪೂರ್ತಿ ಖರ್ಚನ್ನು ಕಾಡಿಗೇ ಹಚ್ಚಬಾರದು ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೂ ಪ್ರಶ್ನಾವಳಿಯಲ್ಲಿ ‘ಈ ಕಾಡು ಇಲ್ಲದಿದ್ದರೆ ಈ ಪ್ರಯಾಣ ಹೊರಡುತ್ತಿದ್ದಿರಾ?’ ಎಂಬ ಒಂದು ಸಾಲು ಎಷ್ಟೋ ಕಡೆ ಇರುವುದಿಲ್ಲ.

ಹೆಕ್ಟೇರಿಗೆ ಇಷ್ಟು ಎಂಬ ಸರಾಸರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಟ್ಟು ಮೌಲ್ಯವನ್ನು ವಿಸ್ತೀರ್ಣದಿಂದ ಭಾಗಿಸಿ, ರಸ್ತೆಗೆ ಹೋಗುವ ಹತ್ತು ಹೆಕ್ಟೇರಿನಿಂದ ಗುಣಿಸಿ ‘ವಿಹಾರದ ನಷ್ಟ ಇಷ್ಟೇ’ ಎನ್ನುವ ಕ್ರಮ ಯೋಜನಾ ವರದಿಗಳಲ್ಲಿ ಬೇರುಬಿಟ್ಟಿದೆ. ವಿಹಾರ ಕಾಡಿನ ಎಲ್ಲ ಹೆಕ್ಟೇರುಗಳಲ್ಲಿ ಸಮನಾಗಿ ಹರಡಿಕೊಂಡಿರುವುದಿಲ್ಲ. ಅದು ಒಂದೆರಡು ದಾರಿಗಳಲ್ಲಿ, ಒಂದು ತೊರೆಯ ಅಂಚಿನಲ್ಲಿ, ಒಂದು ಗುಡ್ಡದ ನೆತ್ತಿಯಲ್ಲಿ ಒಟ್ಟಾಗಿರುತ್ತದೆ. ಆ ಹತ್ತು ಹೆಕ್ಟೇರು ಊರಿನಿಂದ ಕಾಡಿಗೆ ನಡೆದು ಹೋಗುವ ಏಕೈಕ ದಾರಿಯಾಗಿದ್ದರೆ, ಅದು ಹೋದರೆ ಹತ್ತಿರದ ವಲಯದ ಭೇಟಿಗಳೆಲ್ಲ ಹೋಗುತ್ತವೆ. ಯಾರೂ ಕಾಲಿಡದ ಮೂಲೆಯಾಗಿದ್ದರೆ ವಿಹಾರದ ನಷ್ಟ ಸೊನ್ನೆಗೆ ಹತ್ತಿರ, ಉಳಿದ ನಷ್ಟಗಳು ಎಷ್ಟೇ ಇರಲಿ. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಕಾಡಿದ್ದರೆ ಜನ ಅತ್ತ ಹೋಗುತ್ತಾರೆ, ನಷ್ಟ ಕಡಿಮೆ, ಇಲ್ಲದಿದ್ದರೆ ಹೆಚ್ಚು. ತಾಣಗಳ ಆಯ್ಕೆಯನ್ನು ಅಳೆಯುವ ಮಾದರಿಗಳು ಉತ್ತರಿಸುವುದು ಈ ಪ್ರಶ್ನೆಗೇ. ಅವುಗಳ ತಳಹದಿ ಹಾಕಿದ ಡೇನಿಯಲ್ ಮ್ಯಾಕ್‌ಫ್ಯಾಡನ್ ಅವರಿಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಇದೇ ಬಗೆಯ ಮಾದರಿಯ ಮೇಲೆ ಕಟ್ಟಿದ ಸಾಧನವೊಂದನ್ನು ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ನಕಾಶೆಯ ಮೇಲೆ ಒಂದು ಹಸಿರು ತಾಣವನ್ನು ಸೇರಿಸಿದರೆ ಅಥವಾ ತೆಗೆದರೆ ಜನರ ಭೇಟಿಗಳೂ ಅವುಗಳ ಮೌಲ್ಯವೂ ಹೇಗೆ ಬದಲಾಗುತ್ತವೆ ಎಂದು ಅದರಲ್ಲಿ ಯಾರು ಬೇಕಾದರೂ ನೋಡಬಹುದು.

ಸಮೀಕ್ಷೆ ನಡೆಸಲು ಹಣವಿಲ್ಲದಿದ್ದಾಗ ಬೇರೆಲ್ಲೋ ಅಳೆದ ಭೇಟಿಯ ಮೌಲ್ಯವನ್ನು ತಂದು ಬಳಸುತ್ತಾರೆ. ಕೆಲವೊಮ್ಮೆ ಅದು ಅನಿವಾರ್ಯ. ಹಾಗೆ ಮಾಡುವಾಗ ಕನಿಷ್ಠ ಚಟುವಟಿಕೆ ಅದೇ ಇರಬೇಕು. ಬೇಟೆ ಅಥವಾ ಮೀನು ಹಿಡಿಯುವ ಪ್ರವಾಸದ ಅಂಕಿಯನ್ನು ಬೆಳಗಿನ ನಡಿಗೆಗೆ ಹಚ್ಚಲಾಗದು. ಆದಾಯ ಮಟ್ಟವನ್ನೂ ಹಣದುಬ್ಬರವನ್ನೂ ಸರಿಹೊಂದಿಸಬೇಕು. ಮೂಲದಲ್ಲಿ ಅದು ಭೇಟಿಗೆ ಇಷ್ಟು ಎಂದೋ, ದಿನಕ್ಕೆ ಇಷ್ಟು ಎಂದೋ ನೋಡಿಕೊಳ್ಳಬೇಕು. ಮೂರು ದಿನದ ಶಿಬಿರದ ಅಂಕಿ ಒಂದು ಗಂಟೆಯ ಭೇಟಿಯ ಮುಂದೆ ಬಂದು ಕೂರುವುದು ಇಲ್ಲಿಯೇ.

ಎಂದೂ ಹೋಗದವರೂ ಕಾಡು ಉಳಿಯಲೆಂದು ಬಯಸುವುದುಂಟು. ಪ್ರಯಾಣದ ಖರ್ಚು ಅದನ್ನು ಹಿಡಿಯಲಾರದು, ನೇರವಾಗಿ ಕೇಳಬೇಕಾಗುತ್ತದೆ. ರಾಬರ್ಟ್ ಡೇವಿಸ್ 1963ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಕಾಡುಗಳ ವಿಹಾರವನ್ನು ಕುರಿತು ಮಾಡಿದ ಅಧ್ಯಯನದಿಂದ ಈ ವಿಧಾನ ಬೆಳೆಯಿತು. 1989ರ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಸೋರಿಕೆಯ ಬಳಿಕ ಅದರ ಬಗ್ಗೆ ದೊಡ್ಡ ವಾದವೇ ನಡೆಯಿತು. ಅರ್ಥಶಾಸ್ತ್ರಜ್ಞರಾದ ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ಸಮಿತಿ 1993ರಲ್ಲಿ ಕೊಟ್ಟ ಸೂಚನೆಗಳು ಇಂದಿಗೂ ಉಪಯುಕ್ತ. ‘ಎಷ್ಟು ಕೊಡುತ್ತೀರಿ’ ಎಂದು ಕೇಳಬೇಡಿ. ಇಂತಿಷ್ಟು ತೆರಿಗೆಯಾದರೆ ಪರವಾಗಿ ಮತ ಹಾಕುತ್ತೀರಾ, ಇಲ್ಲವಾ ಎಂದು ಕೇಳಿ. ಅಷ್ಟು ಕೊಟ್ಟರೆ ತಮ್ಮ ಬೇರೆ ಖರ್ಚುಗಳಿಗೆ ಅಷ್ಟು ಹಣ ಕಡಿಮೆಯಾಗುತ್ತದೆ ಎಂಬುದನ್ನೂ ಬದಲಿ ತಾಣಗಳನ್ನೂ ಅವರಿಗೆ ನೆನಪಿಸಿ. ಚಿಕ್ಕ ಕಾಡಿಗೂ ದೊಡ್ಡ ಕಾಡಿಗೂ ಜನ ಒಂದೇ ಮೊತ್ತ ಹೇಳುತ್ತಿದ್ದಾರೆಯೇ ಎಂದು ಪರೀಕ್ಷಿಸಿ. ಈ ಪರೀಕ್ಷೆ ಇಲ್ಲದ ಸಮೀಕ್ಷೆಯ ಮೊತ್ತಕ್ಕೆ ನಾವು ಬೆಲೆ ಕೊಡುವುದಿಲ್ಲ, ಅದು ಕಾಡಿನ ಪರವಾಗಿಯೇ ಇದ್ದರೂ.

ಹಣಕಾಸು ವಿಭಾಗದವರಿಗೆ ಪ್ರತ್ಯೇಕವಾಗಿ ಒಂದು ಮಾತು. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2021ರಲ್ಲಿ ಅಂಗೀಕರಿಸಿದ ಪರಿಸರ ವ್ಯವಸ್ಥೆಗಳ ಲೆಕ್ಕಪದ್ಧತಿ ವಿನಿಮಯ ಮೌಲ್ಯವನ್ನು, ಅಂದರೆ ಕೊಳ್ಳುವ ಮಾರುವ ವ್ಯವಹಾರದಲ್ಲಿ ಕೈಬದಲಾಗುವ ಅಥವಾ ಕೈಬದಲಾಗಬಹುದಾದ ಬೆಲೆಯನ್ನು, ಬಳಸುತ್ತದೆ, ಮಿಗುತೆಯನ್ನು ಸೇರಿಸುವುದಿಲ್ಲ. ರಾಷ್ಟ್ರೀಯ ಆದಾಯದ ಪಕ್ಕದಲ್ಲಿಟ್ಟು ಹೋಲಿಸುವ ಲೆಕ್ಕಕ್ಕೆ ಅದು ಸರಿ. ಒಂದು ದಾರಿಯನ್ನು ಮುಚ್ಚಬೇಕೇ ಬೇಡವೇ ಎಂಬ ಪ್ರಶ್ನೆಗೆ ಮಿಗುತೆಯೇ ಬೇಕು. ಎರಡನ್ನೂ ಮಾಡಿಸಿ, ಆದರೆ ಕೂಡಿಸಬೇಡಿ.

ಇಷ್ಟನ್ನು ಮುಂದಿಟ್ಟು ತಮ್ಮಲ್ಲಿ ಕೇಳಿಕೊಳ್ಳುತ್ತೇವೆ. ಮೊದಲು, ಟಿಕೆಟ್ ಇಲ್ಲದ ಕಾಡುಗಳಲ್ಲಿ ಎಣಿಕೆ ಶುರುವಾಗಲಿ. ಊರಿಗೆ ಅಂಟಿಕೊಂಡ, ಹೆಸರಿಲ್ಲದ ದಾರಿಗಳಿಗೆ ಮೊದಲ ಯಂತ್ರಗಳು ಹೋಗಲಿ. ಎಣಿಸಿದ ಅಂಕಿ, ಗುಣಕ, ಯಂತ್ರ ಕೆಟ್ಟು ನಿಂತ ದಿನಗಳು ಎಲ್ಲವನ್ನೂ ಹೆಸರು ವಿಳಾಸ ತೆಗೆದ ಪ್ರಶ್ನಾವಳಿಯ ಉತ್ತರಗಳ ಜೊತೆ ಪ್ರಕಟಿಸಿ, ಬೇರೆಯವರು ಮತ್ತೆ ಲೆಕ್ಕ ಹಾಕುವಂತಿರಲಿ. ವರದಿ ಬರೆಸುವಾಗ ಗುತ್ತಿಗೆಯಲ್ಲೇ ಯಾವ ನಿರ್ಧಾರಕ್ಕಾಗಿ ಈ ಅಂಕಿ ಎಂದು ನಮೂದಿಸಿ. ಖರ್ಚಿನ ಮೊತ್ತ, ಮಿಗುತೆ, ಟಿಕೆಟ್ ಹಣ ಮೂರೂ ಬೇರೆ ಬೇರೆ ಕಾಲಂಗಳಲ್ಲಿರಲಿ. ಟಿಕೆಟ್ ಇಲ್ಲದ ಕಡೆ ‘0’ ಎಂದು ಬರೆಯುವ ಬದಲು ‘ಶುಲ್ಕವಿಲ್ಲ’ ಎಂದು ಬರೆಯಿರಿ. ಎಣಿಕೆ ನಡೆಯದ ಕಡೆ ‘ಅಳೆದಿಲ್ಲ’ ಎಂದೇ ಬರೆಯಿರಿ. ಅಂಥ ಕಾಡಿನಲ್ಲಿ ಕನಿಷ್ಠ ಒಂದು ವರ್ಷದ ಎಣಿಕೆ ಮುಗಿಯುವವರೆಗೆ, ವಿಹಾರದ ನಷ್ಟವಿಲ್ಲ ಎಂಬ ಕಾರಣ ಕೊಟ್ಟು ಯಾವ ದಾರಿಯನ್ನೂ ಮುಚ್ಚಬೇಡಿ, ಯಾವ ಯೋಜನೆಗೂ ಒಪ್ಪಿಗೆ ಕೊಡಬೇಡಿ.

ತಮ್ಮ ಲಿಖಿತ ಉತ್ತರವನ್ನು ಎದುರುನೋಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಅರಣ್ಯ ವಿಹಾರದ ಮೌಲ್ಯಮಾಪನದಲ್ಲಿ ತೊಡಗಿರುವವರು